ಜಗಲಿಯ ಮೇಲಿನ ಓಲೆಗಟ್ಟು

ರೋಣ, ಅಬ್ಬಿಗೇರಿ, ನರೇಗಲ್ಲುಗಳ ಎರೆಯ ಸೀಮೆಯು ಬರಹಕ್ಕೆ ಬಡವಾದ ಸೀಮೆಯಲ್ಲ. ಗಜೇಂದ್ರಗಡದ ಬಳಿಯ ಸೂಡಿಯಲ್ಲಿ ಚಾಲುಕ್ಯರ ಅಕ್ಕಾದೇವಿಯ ಹೆಸರುಳ್ಳ ಶಿಲಾಶಾಸನಗಳಿರುವವು. ಸೂಡಿಯ ಶಾಸನಗಳನ್ನು ಬಾರ್ನೆಟ್ ಎಂಬ ಆಂಗ್ಲ ಪಂಡಿತನು ‘ಎಪಿಗ್ರಾಫಿಯಾ ಇಂಡಿಕಾ’ದ 15ನೆಯ ಸಂಪುಟದಲ್ಲಿ ಪ್ರಕಟಿಸಿದನು. ಕಲ್ಲಿನ ಅಕ್ಷರಕ್ಕೆ ಹೀಗೆ ಓದುಗರು ದೊರೆತರು. ಭಕ್ತರ ಮನೆಯ ಜಗಲಿಯ ಮೇಲಿನ ತಾಡವೋಲೆಯ ಕಟ್ಟಿಗೂ ಮಠದ ಪೆಟ್ಟಿಗೆಯೊಳಗಿನ ಕಾಗದಕ್ಕೂ ಆ ಭಾಗ್ಯವು ಬಹುಕಾಲ ಲಭಿಸಲಿಲ್ಲ.

ಓಲೆಗಟ್ಟನ್ನು ಮಡಿವಸ್ತ್ರದಲ್ಲಿ ಸುತ್ತಿ, ವಿಭೂತಿಯನ್ನಿಟ್ಟು, ಪತ್ರೆ ಪುಷ್ಪಗಳನ್ನೇರಿಸಿ ಪೂಜಿಸುವ ಪದ್ಧತಿಯು ನಮ್ಮ ನಾಡಿನಲ್ಲಿ ಹಿಂದಿನಿಂದಲೂ ನಡೆದುಬಂದಿರುವದು. ಈ ಭಕ್ತಿಯೇ ಕಟ್ಟುಗಳನ್ನು ಉಳಿಸಿತೆಂಬುದನ್ನು ಪಂಡಿತರು ಮರೆಯಲಾಗದು. ಅವುಗಳನ್ನು ಬಿಚ್ಚಲೀಯದೆ ಹುಳುವಿಗೆ ಆಹಾರ ಮಾಡಿದುದೂ ಕೆಲವೆಡೆ ಇದೇ ಭಕ್ತಿಯೆಂಬುದನ್ನು ಭಕ್ತರೂ ಮರೆಯಲಾಗದು.

ಈ ಗಂಟನ್ನು ಮೊದಲು ಬಿಚ್ಚಿಸಿದವರಲ್ಲಿ ಅಗ್ರಗಣ್ಯರು ಫ. ಗು. ಹಳಕಟ್ಟಿಯವರು. 1880ರಲ್ಲಿ ಧಾರವಾಡದಲ್ಲಿ ಜನಿಸಿ, ವಿಜಾಪುರದಲ್ಲಿ ವಕೀಲರಾಗಿದ್ದ ಅವರು ಬನಹಟ್ಟಿಯ ಮನೆಯೊಂದರಲ್ಲಿ ವಚನಗಳ ಓಲೆಗಳನ್ನು ಕಂಡಂದಿನಿಂದ ಊರೂರು ತಿರುಗಿದರು. ಮನೆಯವರ ಮನವೊಲಿಸಿ, ಕಟ್ಟುಗಳನ್ನು ತಂದು, ಪ್ರತಿ ಮಾಡಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಬೆಳಕಿಗೆ ತಂದರು. 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ತೆರೆಯುವದಕ್ಕಾಗಿ ಇದ್ದ ಮನೆಯನ್ನೇ ಮಾರಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಹೊರಡಿಸಿದರು. ಅವರಿಗಿಂತ ಮುಂಚೆ ಐವತ್ತರಷ್ಟು ವಚನಕಾರರ ಹೆಸರುಗಳು ಮಾತ್ರ ತಿಳಿದಿದ್ದರೆ, ಅವರ ಶ್ರಮದಿಂದ ಆ ಸಂಖ್ಯೆಯು ಇನ್ನೂರೈವತ್ತರ ಸಮೀಪಕ್ಕೆ ಏರಿತು. ಪರರ ಜಗಲಿಯ ಮೇಲಿದ್ದ ಕಟ್ಟನ್ನು ಮೂರನೆಯವನ ಕೈಗೆ ಕೊಡಿಸಿದ ಅವರ ಸೌಜನ್ಯವು ಯಾವ ಯಂತ್ರದಿಂದಲೂ ಆಗತಕ್ಕ ಕೆಲಸವಲ್ಲ.

ತರುವಾಯ 1993ರಲ್ಲಿ ಕರ್ನಾಟಕ ಸರಕಾರವು ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಹೊರತಂದಿತು. ಗಣಕಯಂತ್ರದ ಕಾಲವು ಬಂದ ಮೇಲೆ ‘ವಚನ ಸಂಚಯ’ವೆಂಬ ಅಂತರ್ಜಾಲದ ಭಂಡಾರದಲ್ಲಿ ಇಪ್ಪತ್ತು ಸಾವಿರಕ್ಕೂ ಮೇಲ್ಪಟ್ಟ ವಚನಗಳು ಸೇರಿದವು. ಅಲ್ಲಿ ‘ಕಾಯಕ’ವೆಂಬ ಒಂದು ಶಬ್ದವನ್ನಿತ್ತರೆ ಅದು ಯಾವ ಯಾವ ಶರಣರ ಯಾವ ಯಾವ ವಚನದಲ್ಲಿ ಬಂದಿರುವದೆಂಬುದು ಕ್ಷಣಮಾತ್ರದಲ್ಲಿ ತಿಳಿಯುವದು. ಹಿಂದೆ ಪಾಠಶಾಲೆಯ ವಿದ್ಯಾರ್ಥಿಯು ಇದಕ್ಕಾಗಿ ತಿಂಗಳುಗಟ್ಟಲೆ ಪುಟ ತಿರುವಬೇಕಾಗಿದ್ದಿತು. ಸಿರಿಗೆರೆಯ ತರಳಬಾಳು ಬೃಹನ್ಮಠದ ಶ್ರೀ ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳವರು ಪಾಣಿನಿಯ ವ್ಯಾಕರಣವನ್ನು ಗಣಕಕ್ಕೆ ಅಳವಡಿಸಿ ‘ಗಣಕಾಷ್ಟಾಧ್ಯಾಯೀ’ಯನ್ನು ರಚಿಸಿದರಲ್ಲದೆ, ವಚನಗಳೂ ಮೊಬೈಲಿನಲ್ಲಿ ಭಕ್ತರಿಗೆ ದೊರೆಯುವಂತೆ ಮಾಡಿದರು. ಯಂತ್ರವು ಮಠಕ್ಕೆ ಮೈಲಿಗೆಯೆಂದು ಶಂಕಿಸುವವರಿಗೆ ಇದಕ್ಕಿಂತ ಬೇರೆ ಉತ್ತರವು ಬೇಕಾಗದು.

ಆದರೆ ಇವೆಲ್ಲವೂ ಅಚ್ಚಾದ ಗ್ರಂಥಗಳ ಮಾತು. ಅಬ್ಬಿಗೇರಿಯಂತಹ ಗ್ರಾಮಕ್ಕೆ ತನ್ನದೇ ಆದ ಚರಿತ್ರೆಯು ಬೇಕಾದರೆ ಅದು ಅಚ್ಚಾಗದ ಕಾಗದಗಳಲ್ಲಿಯೇ ಸಿಕ್ಕಬೇಕು. ಪೇಶವೆಯವರ ಕಾಲದಲ್ಲಿಯೂ ಮುಂಬಯಿ ಸರಕಾರದ ಆರಂಭದ ದಿವಸಗಳಲ್ಲಿಯೂ ಈ ಭಾಗದ ದಫ್ತರವು ಬಹುಮಟ್ಟಿಗೆ ಮರಾಠಿಯಲ್ಲಿ, ಮೋಡಿ ಅಕ್ಷರದಲ್ಲಿ ನಡೆಯಿತು. 1852ರ ಕಾನೂನಿನಂತೆ ಇನಾಂ ಕಮಿಶನ್ನಿನವರು ದಾಖಲೆಗಳನ್ನು ಕೇಳತೊಡಗಿದಾಗ ಇನಾಮುದಾರರಿಗೆ ಸನದುಗಳೇ ಆಧಾರವಾದವು. ಇಂದು ಮೋಡಿಯನ್ನು ಓದಬಲ್ಲವರು ವಿರಳ. ತನ್ನ ಪೂರ್ವಿಕರ ಭೂಮಿಯು ಯಾವ ದಾಸೋಹಕ್ಕಾಗಿ ಬಿಡಲ್ಪಟ್ಟಿತೆಂಬುದನ್ನು ಕೈಯಲ್ಲಿಯೇ ಹಿಡಿದುಕೊಂಡು ಓದಲಾರದ ಸ್ಥಿತಿಯು ಒಕ್ಕಲಿಗನಿಗೂ ಮಠಕ್ಕೂ ಸಮನಾಗಿ ಬಂದಿರುವದು. ಅಂಥ ಕಾಗದದ ಛಾಯಾಚಿತ್ರವನ್ನು ಕೊಲ್ಹಾಪುರದಲ್ಲಿಯೋ ಪುಣೆಯಲ್ಲಿಯೋ ಇರುವ ಮೋಡಿಜ್ಞನಿಗೆ ಕಳುಹಿದರೆ, ಮೂಲವು ಪೆಟ್ಟಿಗೆಯನ್ನು ಬಿಡದೆಯೇ ಓದು ದೊರೆಯುವದು.

ಛಾಯಾಚಿತ್ರ ತೆಗೆದ ಮಾತ್ರಕ್ಕೆ ಕೆಲಸವು ಮುಗಿಯಿತೆಂದು ಭಾವಿಸುವದು ಇಂದಿನ ದೊಡ್ಡ ಭ್ರಮೆ. ಯಾವ ಮನೆಯದು, ಯಾವ ಓಣಿಯದು, ಯಾರು ಯಾರಿಗೆ ಬರೆದುದು ಎಂಬುದನ್ನು ಜೊತೆಯಲ್ಲಿಯೇ ಬರೆದಿಡದಿದ್ದರೆ ಸಾವಿರ ಚಿತ್ರಗಳೂ ಅನಾಥವಾಗುವವು. ಈ ವಿವರವನ್ನು ಹೇಳಬಲ್ಲವರು ಊರಿನ ಹಿರಿಯರೇ. ಚಿತ್ರವನ್ನು ತೆಗೆಯಬಲ್ಲವರು ಅವರ ಮೊಮ್ಮಕ್ಕಳು. ಇಬ್ಬರೂ ಒಂದೇ ಜಗಲಿಯ ಮುಂದೆ ಕೂಡಬೇಕು. ಕೆಲಸವು ಮುಗಿದ ಮೇಲೆ ಕಟ್ಟು ಅದೇ ಮನೆಯ ಜಗಲಿಗೆ ಮರಳತಕ್ಕದ್ದು. ಒಮ್ಮೆ ಒಯ್ದವರು ತಿರುಗಿ ಕೊಡಲಿಲ್ಲವೆಂಬ ಮಾತು ಹಬ್ಬಿದರೆ ಇನ್ನಾವ ಮನೆಯ ಗಂಟೂ ಬಿಚ್ಚದು.

ವೇಳೆಯು ಅಲ್ಪವಿದ್ದಲ್ಲಿ ಯಾವುದನ್ನು ಮೊದಲು ಮಾಡಬೇಕೆಂಬುದಕ್ಕೂ ಒಂದು ಕ್ರಮವಿರುವದು. ಲಿಪಿಕಾರನು ಸಂವತ್ಸರ, ಮಾಸ, ತಿಥಿಗಳನ್ನೂ, ತನ್ನ ಹೆಸರು, ಗುರುವಿನ ಹೆಸರು, ಊರುಗಳನ್ನೂ ಸಾಮಾನ್ಯವಾಗಿ ಗ್ರಂಥದ ಕಡೆಯಲ್ಲಿ ಬರೆಯುವನು. ಕಟ್ಟಿನ ಹೊರಗಿನ ಓಲೆಯೇ ಹಲಗೆಗೆ ಉಜ್ಜಿ ಮೊದಲು ಮುರಿಯುವದು. ಆದುದರಿಂದ ಗಂಟು ಬಿಚ್ಚಿದೊಡನೆ ಮೊದಲು ಚಿತ್ರ ತೆಗೆಯಬೇಕಾದುದು ಆ ಕಡೆಯ ಓಲೆಯನ್ನೇ.