ರಾಜಾಜಿನಗರ ಹಿಸ್ಟರಿ, ಭಾಗ 6: ಒಂದೇ ಕ್ಯಾಂಪಸ್, ಸೋಪು ಮತ್ತು ಸಿಂಪ್ಯೂಟರ್

ಫೈನಲ್ ಇಯರ್ ಪ್ರಾಜೆಕ್ಟು, ಸ್ಟಾರ್ಟಪ್ಪು ಅಂತ ಓಡಾಡ್ತಿರೋರೆಲ್ಲ ಇದನ್ನ ಪೂರ್ತಿ ಓದಿ 👇🏽

ನಮ್ಮ ಮೆಟ್ರೋ ಸ್ಟೇಷನ್‌ಗೆ ಹೆಸರು ಕೊಟ್ಟಿರೋ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ರಾಜಾಜಿನಗರಕ್ಕೆ ಬಂದಿದ್ದು 1957ರಲ್ಲಿ. ಸೋಪಿನ ಕಥೆ ಮಾತ್ರ ಅದಕ್ಕಿಂತ ಸುಮಾರು 40 ವರ್ಷ ಹಳೇದು.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯ್ತು. ಯುರೋಪಿಗೆ ಹೋಗ್ತಿದ್ದ ಮೈಸೂರಿನ ಗಂಧದ ಮರ ಇಲ್ಲೇ ರಾಶಿ ಬಿತ್ತು. 1916ರಲ್ಲಿ ಸಂಸ್ಥಾನವೇ ಎಣ್ಣೆ ತೆಗೆಯೋಕೆ ಶುರು ಮಾಡ್ತು. ಆಮೇಲೆ ನಡೆದಿದ್ದು ಅಂತ ಹೇಳೋ ಕಥೆ ಇದು: ವಿದೇಶಿ ಅತಿಥಿಗಳು ನಾಲ್ವಡಿ ಕೃಷ್ಣರಾಜ ಒಡೆಯರ್ ಅವರಿಗೆ ಒಂದು ಸೋಪು ತಂದುಕೊಟ್ಟರು. ಅದರಲ್ಲಿದ್ದಿದ್ದು ನಮ್ಮದೇ ಗಂಧದೆಣ್ಣೆ! ಅಂದ್ರೆ, ಗಂಧದ ಸೋಪು ಯಾರಿಗೆ ಬೇಕು ಅನ್ನೋ ಪ್ರಶ್ನೆಗೆ ಸುಳಿವು ಕೈಯಲ್ಲೇ ಇತ್ತು. ಬೇರೆಯವರು ಆಗಲೇ ಮಾಡ್ತಿದ್ದರು.

ದಿವಾನ್ ವಿಶ್ವೇಶ್ವರಯ್ಯನವರು ಬಾಂಬೆಯಿಂದ ತಜ್ಞರನ್ನ ಕರೆಸಿ, ಟಾಟಾ ಇನ್‌ಸ್ಟಿಟ್ಯೂಟ್ ಅಂಗಳದಲ್ಲಿ, ಅಂದ್ರೆ ಇವತ್ತಿನ ಐಐಎಸ್‌ಸಿಯಲ್ಲಿ, ಪ್ರಯೋಗ ಮಾಡಿಸಿದರು. ಎಸ್.ಜಿ. ಶಾಸ್ತ್ರಿಯವರು ಇಂಗ್ಲೆಂಡಿಗೆ ಹೋಗಿ ಕಲಿತು ಬಂದರು. 1918ರಲ್ಲಿ ಮೈಸೂರು ಸ್ಯಾಂಡಲ್ ಸೋಪು ಮಾರಾಟಕ್ಕೆ ಬಂತು. ಇವತ್ತಿಗೂ ಮನೆಮನೇಲಿ ಇದೆ.

ಅದೇ ಐಐಎಸ್‌ಸಿಯ ಪ್ರೊಫೆಸರ್‌ಗಳು 80 ವರ್ಷದ ನಂತರ ಬೆಂಗಳೂರಿನ ಎನ್‌ಕೋರ್ ಕಂಪನಿ ಜೊತೆ ಸೇರಿ ಸಿಂಪ್ಯೂಟರ್ ಕಟ್ಟಿದರು. ಅಂಗೈಯಲ್ಲಿ ಹಿಡಿಯೋ ಕಂಪ್ಯೂಟರ್. ಸುಮಾರು 9,000 ರೂಪಾಯಿಗೆ ಕೊಡಬೇಕು ಅನ್ನೋ ಗುರಿ. ಕನ್ನಡದಲ್ಲೂ ಓದಿ ಹೇಳುತ್ತೆ. ಸ್ಮಾರ್ಟ್ ಕಾರ್ಡ್ ಇದ್ದರೆ ಇಡೀ ಹಳ್ಳಿ ಒಂದನ್ನೇ ಹಂಚಿಕೊಳ್ಳಬಹುದು. 2001ರಲ್ಲಿ ಇದನ್ನ ತೋರಿಸಿದಾಗ ಅಮೆರಿಕದ ಪತ್ರಿಕೆಗಳೂ ಹೊಗಳಿದವು. ಅಂಗಡಿಗೆ ಬಂದಿದ್ದು 2004ರಲ್ಲಿ. 50,000 ಹೋಗುತ್ತೆ ಅನ್ನೋದು ಅಂದಾಜು. 2005ರ ಹೊತ್ತಿಗೆ ಹೋಗಿದ್ದು ಸುಮಾರು 4,000. ಅಷ್ಟರಲ್ಲಿ ಅಗ್ಗದ ಮೊಬೈಲ್ ಜನರ ಕೈ ಸೇರ್ತಾ ಇತ್ತು.

ಸಿಂಪ್ಯೂಟರ್‌ನಲ್ಲಿ ಬುದ್ಧಿವಂತಿಕೆಗೇನೂ ಕೊರತೆ ಇರಲಿಲ್ಲ. ಆದರೆ ಹೊಗಳಿದವರು ಬೇರೆ, ದುಡ್ಡು ಕೊಟ್ಟು ಕೊಳ್ಳಬೇಕಾಗಿದ್ದವರು ಬೇರೆ. ಯಾರು ಕೊಳ್ತಾರೆ ಅನ್ನೋದು ಗೊತ್ತಾಗಿದ್ದು ಮಾರ್ಕೆಟ್‌ಗೆ ಇಳಿದ ಮೇಲೆ.

ಹಾಗಾಗಿ ಎಸ್.ಪಿ. ರೋಡಿಗೆ ಹೋಗಿ ಬೋರ್ಡು, ಸೆನ್ಸರ್ ತರೋ ಮುಂಚೆ ಹತ್ತು ಜನರ ಹತ್ತಿರ ಹೋಗಿ. "ಐಡಿಯಾ ಹೇಗಿದೆ?" ಅಂತ ಮಾತ್ರ ಕೇಳಬೇಡಿ, ಎಲ್ಲರೂ "ಸೂಪರ್" ಅಂತಾರೆ. ಈಗ ಈ ಕೆಲಸಕ್ಕೆ ಏನು ಬಳಸ್ತೀರಾ, ತಿಂಗಳಿಗೆ ಎಷ್ಟು ಖರ್ಚಾಗುತ್ತೆ, ಮಾಡಿಕೊಟ್ಟರೆ ನೂರು ರೂಪಾಯಿ ಅಡ್ವಾನ್ಸ್ ಕೊಡ್ತೀರಾ ಅಂತ ಕೇಳಿ. ಜೇಬಿಗೆ ಕೈ ಹಾಕಿದರೆ ಅದು ನಿಜವಾದ ಉತ್ತರ.

ನಿಮ್ಮ ಟೀಮಿನವರನ್ನ ಟ್ಯಾಗ್ ಮಾಡಿ 🧼

#ರಾಜಾಜಿನಗರ #ಮೈಸೂರುಸ್ಯಾಂಡಲ್ #ಸಿಂಪ್ಯೂಟರ್ #ನಮ್ಮಹಿಸ್ಟರಿ