ಆಟ ನಡೆದಲ್ಲೇ ತೆರಿಗೆ

2025ರ ಜೂನ್ 3ರಂದು ಆರ್‌ಸಿಬಿ ಕಪ್ ಗೆದ್ದಾಗ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯವರೂ ಖುಷಿಪಟ್ವಿ. ಆದ್ರೆ ಆ ಫೈನಲ್ ಟಿಕೆಟ್ ತೆರಿಗೆಯಲ್ಲಿ ರಾಜ್ಯದ ಪಾಲು ಹೋದದ್ದು ಗುಜರಾತಿಗೆ. ಮೊದಲು ನಿಗದಿಯಾಗಿದ್ದ ಊರು ಕೋಲ್ಕತ್ತಾ. ಆಟ ಅಹಮದಾಬಾದಿಗೆ ಹೋಯ್ತು, ತೆರಿಗೆಯೂ ಅದರ ಹಿಂದೇ ಹೋಯ್ತು.

ಇದಕ್ಕೊಂದು ಇತಿಹಾಸ ಇದೆ. ನಮ್ಮ ಭಾಗ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಏಕೀಕರಣದ ನಂತರ, 1958ರಲ್ಲಿ, ರಾಜ್ಯದ ಮನರಂಜನಾ ತೆರಿಗೆ ಕಾಯ್ದೆ ಬಂತು. 2017ರ ಜುಲೈ 1ರಂದು ಜಿಎಸ್‌ಟಿ ಬಂದು ರಾಜ್ಯದ ಆ ತೆರಿಗೆಯನ್ನು ನುಂಗಿತು. ಸಂವಿಧಾನದಲ್ಲಿ ಈಗ ಅದಕ್ಕೆ ಜಾಗ ಉಳಿದಿರೋದು ಪಂಚಾಯ್ತಿ, ನಗರಸಭೆಯಂಥ ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಷ್ಟೇ.

ಐಪಿಎಲ್ ಟಿಕೆಟ್ ಮೇಲೆ ಶೇ 28 ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 40 ಆಯ್ತು. ಸಾವಿರದ ಟಿಕೆಟ್‌ಗೆ 400 ರೂಪಾಯಿ ತೆರಿಗೆ: 200 ಕೇಂದ್ರಕ್ಕೆ, 200 ಆಟ ನಡೆದ ರಾಜ್ಯಕ್ಕೆ. ಕೊಂಡವರು ಮಸ್ಕಿಯವರಾದ್ರೂ ಅಷ್ಟೇ.

ಜೂನ್ 4ರಂದು ಚಿನ್ನಸ್ವಾಮಿ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತ ಮೇಲೆ, ಪಂದ್ಯ ಹೊರಗೆ ಹೋದ್ರೆ ಎಷ್ಟು ನಷ್ಟ ಅನ್ನೋ ಮಾತು ಬಂತು. ಆ 200 ತಪ್ಪುತ್ತೆ, ನಿಜ. ಆದ್ರೆ ಅದೇ ದುಡ್ಡನ್ನ ಸಿಂಧನೂರಿನವರು ಊರಲ್ಲೇ ಬಟ್ಟೆಗೋ ಊಟಕ್ಕೋ ಹಾಕಿದ್ರೆ, ದರ ಕಡಿಮೆ ಇದ್ರೂ ರಾಜ್ಯಕ್ಕೆ ಪಾಲು ಬರುತ್ತೆ, ವ್ಯಾಪಾರ ಊರಲ್ಲೇ ಉಳಿಯುತ್ತೆ. ನಷ್ಟದ ಲೆಕ್ಕ ಹೇಳೋರು ಇದನ್ನೂ ಕಳೆದು ಹೇಳ್ಬೇಕು. ಯಾಕಂದ್ರೆ ಚಿನ್ನಸ್ವಾಮಿ ಟಿಕೆಟ್‌ನಿಂದ ನಮ್ಮ ನಗರಸಭೆಗೆ ನೇರವಾಗಿ ಒಂದು ಪೈಸೆನೂ ಬರಲ್ಲ. ಅದು ನಡೆಯೋದು ಆಸ್ತಿ ತೆರಿಗೆ, ಅನುದಾನದ ಮೇಲೆ.