‘ನಿಮ್ಮ ಕೆಲಸ ಏನು?’ – ಬೆಳ್ತಂಗಡಿಯ ಎರಡು ಕಾಯಿಲೆಗಳ ಇತಿಹಾಸ

ಜ್ವರವೆಂದು ವೈದ್ಯರ ಬಳಿ ಹೋದಾಗ ಅವರು ಏನೇನು ಕೇಳುತ್ತಾರೆ? ಎಷ್ಟು ದಿನವಾಯಿತು, ಚಳಿ ಇದೆಯೇ, ವಾಂತಿ ಆಯಿತೇ ಎಂದೆಲ್ಲ ಕೇಳುತ್ತಾರೆ. ‘ನೀವು ಮಾಡುವ ಕೆಲಸ ಏನು?’ ಎಂದು ಕೇಳಿ ಅದನ್ನು ಬರೆದುಕೊಂಡದ್ದು ನಿಮಗೆ ನೆನಪಿದೆಯೇ?

ಈ ಪ್ರಶ್ನೆಯನ್ನು ರೋಗಿಗೆ ತಪ್ಪದೆ ಕೇಳಬೇಕೆಂದು 1700ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಹೇಳಿದವನು ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಜ್ಜಿನಿ. ಉತ್ತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಮತ್ತೆ ಸುಮಾರು ಎರಡು ಶತಮಾನ ಬೇಕಾಯಿತು. ಸೀಸದ ವಿಷಬಾಧೆಯಂಥ ಕೆಲವು ರೋಗಗಳನ್ನು ಕಂಡ ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕೆಂದು ಬ್ರಿಟನ್ 1895ರಲ್ಲಿ ಕಾನೂನು ಮಾಡಿತು. 1898ರಲ್ಲಿ ಅಲ್ಲಿ ಕಾರ್ಖಾನೆಗಳ ಮೊದಲ ವೈದ್ಯಕೀಯ ತನಿಖಾಧಿಕಾರಿಯಾದ ಥಾಮಸ್ ಲೆಗ್ಗೆ, ಬಂದ ಚೀಟಿಗಳನ್ನು ಕಸುಬಿನ ಪ್ರಕಾರ ವಿಂಗಡಿಸಿದರು. ಎಲ್ಲಿ ದೂಳು ಹೆಚ್ಚು, ಎಲ್ಲಿ ಗಾಳಿಯಂತ್ರ ಬೇಕು ಎಂಬುದು ಗೊತ್ತಾಗತೊಡಗಿತು. 1900ರಲ್ಲಿ ಸಾವಿರಕ್ಕೂ ಹೆಚ್ಚಿದ್ದ ಸೀಸದ ಪ್ರಕರಣಗಳು 1910ರ ವೇಳೆಗೆ ಸುಮಾರು ಅರ್ಧಕ್ಕೆ ಇಳಿದವು.

ಇನ್ನು ನಮ್ಮ ಕಾಡಿಗೆ ಬರೋಣ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು, ಸುತ್ತಲಿನ ಹಳ್ಳಿಗರಿಗೆ ವಿಪರೀತ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಹೊಸ ವೈರಸ್ಸನ್ನು ಗುರುತಿಸಿತು. ಅದನ್ನು ಹರಡುವುದು ಉಣ್ಣಿ, ಅದರಲ್ಲೂ ‘ನಿಂಫ್’ ಎಂಬ ಮರಿ ಹಂತದ ಉಣ್ಣಿ. ಬೇಸಿಗೆಗೆ ಮುಂಚಿನ ಒಣ ತಿಂಗಳುಗಳಲ್ಲಿ ಇವು ಕಾಡಿನ ನೆಲದಲ್ಲಿ ಹೇರಳ. ಸೌದೆ ಹೊರುವುದು, ತರಗೆಲೆ ಗುಡಿಸುವುದು, ದನ ಮೇಯಿಸುವುದು ಕೂಡ ಅದೇ ತಿಂಗಳುಗಳಲ್ಲೇ ಜೋರು. ರೋಗದ ಕಾಲಕ್ಕೂ ದುಡಿಮೆಯ ಕಾಲಕ್ಕೂ ಇರುವ ಈ ಹೊಂದಿಕೆ, ಯಾರು, ಯಾವಾಗ, ಎಲ್ಲಿ, ಏನು ಮಾಡುತ್ತಿದ್ದಾಗ ಎಂದು ಕೇಳಿ ಬರೆದಿಟ್ಟಾಗ ಮಾತ್ರ ಕಣ್ಣಿಗೆ ಬೀಳುವಂಥದ್ದು.

ಇಪ್ಪತ್ತೈದು ವರ್ಷಗಳ ಬಳಿಕ, 1982ರ ಕೊನೆಯಲ್ಲಿ, ಮಂಗನ ಕಾಯಿಲೆ ಬೆಳ್ತಂಗಡಿ ತಾಲ್ಲೂಕಿನಲ್ಲಿ ಕಾಣಿಸಿತು. ಪಟ್ರಮೆ–ನಿಡ್ಲೆಯ ಕಡೆ ಗೋಡಂಬಿ ತೋಟಕ್ಕಾಗಿ ದಟ್ಟ ಕಾಡನ್ನು ಕಡಿಯಲಾಗಿತ್ತು. ಅಲ್ಲಿ ದುಡಿಯುವವರನ್ನೂ ಕಾಡಂಚಿನ ಮನೆಗಳನ್ನೂ ರೋಗ ಹಿಡಿಯಿತು. ಒಂದು ಮಂಗ ಸತ್ತಾಗ ಅದರ ಮೈಮೇಲಿನ ಉಣ್ಣಿಗಳು ಕೆಳಗುದುರಿ ಆ ಜಾಗವೇ ಸೋಂಕಿನ ಮಡುವಾಗುತ್ತದೆ. ಮರ ಕಡಿಯುವವನು ಕಾಲಿಡುವುದು ಅಲ್ಲಿಗೇ. 1983ರಲ್ಲಿ ರೋಗಿಗಳು ಸಾವಿರ ದಾಟಿದರು, ಸಾವು ನೂರು ಮೀರಿತು. ಗೋಡಂಬಿ ಯೋಜನೆಯ ಲಾಭ-ನಷ್ಟದ ಲೆಕ್ಕದಲ್ಲಿ ಈ ಸಾವುಗಳನ್ನು ಯಾರಾದರೂ ಸೇರಿಸಿದ್ದಾರೆಯೇ ಎಂದು ಕೇಳಬೇಕೆನಿಸುತ್ತದೆ.

ಆದರೂ ಈ ಕಾಯಿಲೆಯ ಮಟ್ಟಿಗೆ ಎಣಿಕೆ ನಿಲ್ಲಲಿಲ್ಲ. ಸತ್ತ ಮಂಗ, ಜ್ವರದ ರೋಗಿ, ರಕ್ತದ ಮಾದರಿ – ಇವು ದಾಖಲಾಗುತ್ತಲೇ ಬಂದವು. ಪ್ರಯೋಜನವನ್ನು ನೀವೇ ನೋಡಿ. 1990ರ ದಶಕದ ಆರಂಭದ ಕ್ಷೇತ್ರ ಪರೀಕ್ಷೆಯಲ್ಲಿ ಲಸಿಕೆಯ ಎರಡು ಡೋಸುಗಳು ಶೇಕಡ 93ಕ್ಕೂ ಹೆಚ್ಚು ರಕ್ಷಣೆ ಕೊಟ್ಟಿದ್ದವು. 2005ರಿಂದ 2010ರವರೆಗಿನ ಕಣ್ಗಾವಲು ದತ್ತಾಂಶವನ್ನು ಮತ್ತೆ ಲೆಕ್ಕ ಹಾಕಿದಾಗ ಅದು ಶೇಕಡ 62ರ ಸುಮಾರಿಗೆ ಇಳಿದಿತ್ತು. ಪುಸ್ತಕದಲ್ಲಿ ಬರೆದಿಡದೇ ಇದ್ದಿದ್ದರೆ ಲಸಿಕೆ ಸೊರಗಿದ್ದು ತಿಳಿಯುತ್ತಲೇ ಇರಲಿಲ್ಲ. ಆ ಲಸಿಕೆ ಈಗ ಬಳಕೆಯಲ್ಲಿಲ್ಲ. 2012ರಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ವಿಲೇವಾರಿ ಮಾಡಿದ ಅರಣ್ಯ ಸಿಬ್ಬಂದಿಗೆ ಜ್ವರ ಬಂದಾಗ, ಅವರ ಕೆಲಸವೇ ರೋಗದ ಸುಳಿವಾಯಿತು. ಕಾಯಿಲೆ ಹೊಸ ಜಿಲ್ಲೆಗೆ ಕಾಲಿಟ್ಟದ್ದು ಹೀಗೆ ತಿಳಿಯಿತು.

ಈಗ ಅದೇ ಗೋಡಂಬಿ ಗುಡ್ಡಗಳ ಎರಡನೆಯ ಕತೆ. ತೋಟ ಬೆಳೆದ ಮೇಲೆ ಟೀ ಸೊಳ್ಳೆಯ ಹತೋಟಿಗೆಂದು ಎಂಡೋಸಲ್ಫಾನನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಲಾಯಿತು. 1980ರ ದಶಕದಿಂದ ಸುಮಾರು 2000ದವರೆಗೆ ಇದು ನಡೆಯಿತು. ಕೊಕ್ಕಡ, ಪಟ್ರಮೆ, ನಿಡ್ಲೆಯ ಮನೆಗಳಲ್ಲಿ ಅಂಗವಿಕಲತೆ, ಬುದ್ಧಿಮಾಂದ್ಯ, ಅಪಸ್ಮಾರದಂಥ ತೊಂದರೆಗಳು ಕಂಡುಬಂದವೆಂಬ ದೂರು ಎದ್ದಿತು. ಗಡಿಯಾಚೆ ಕಾಸರಗೋಡಿನ ಪಡ್ರೆಯಲ್ಲಿ ಒಬ್ಬ ಗ್ರಾಮೀಣ ವೈದ್ಯರು, ವೈ. ಎಸ್. ಮೋಹನ ಕುಮಾರ್, ತಮ್ಮ ರೋಗಿಗಳಲ್ಲಿ ಕಂಡದ್ದನ್ನು ಗಮನಿಸಿ ಹೊರಗೆ ತಿಳಿಸಿದ್ದರು. ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಲ್ಲಿ ಇದರ ಬಳಕೆಯನ್ನು ದೇಶಾದ್ಯಂತ ತಡೆಯಿತು. ದಕ್ಷಿಣ ಕನ್ನಡದಲ್ಲಿ ಬೆಳ್ತಂಗಡಿ, ಬಂಟ್ವಾಳ ಸೇರಿದಂತೆ ಹಲವು ತಾಲ್ಲೂಕುಗಳಲ್ಲಿ ಸಮೀಕ್ಷೆ ನಡೆದು ಮೂರು ಸಾವಿರಕ್ಕೂ ಹೆಚ್ಚು ಸಂತ್ರಸ್ತರನ್ನು ಗುರುತಿಸಲಾಯಿತು.

ಆದರೆ ಆಗಲೇ ಹತ್ತು ವರ್ಷ ಕಳೆದಿತ್ತು. ಹೋಲಿಸಿ ನೋಡಲು ಸಿಂಪಡಣೆಗೆ ಮುಂಚಿನ ಎಣಿಕೆ ಇರಲಿಲ್ಲ. ಔಷಧ ಕಲಸಿದವರು ಯಾರು, ಅಂದು ತೋಟದಲ್ಲಿ ಇದ್ದವರು ಯಾರು ಎಂಬುದು ಬರಿಯ ನೆನಪಿನ ಮಾತಾಗಿತ್ತು. ಯಾವ ಅಂಗವಿಕಲತೆ ರಾಸಾಯನಿಕದಿಂದ, ಯಾವುದು ಬೇರೆ ಕಾರಣದಿಂದ ಎಂಬ ವಾದ ಇಂದಿಗೂ ಮುಗಿಯದಿರಲು ಇದೊಂದು ಮುಖ್ಯ ಕಾರಣ. ಅದರ ನಷ್ಟ ಬಿದ್ದದ್ದು ಪರಿಹಾರಕ್ಕೆ ಪುರಾವೆ ತರಬೇಕಾದ ತಾಯಂದಿರ ಮೇಲೆ.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. 1948ರ ಕಾರ್ಖಾನೆ ಕಾಯ್ದೆಯ 89ನೆಯ ಕಲಮಿನ ಪ್ರಕಾರ, ಅದರ ಮೂರನೆಯ ಅನುಸೂಚಿಯ ರೋಗಗಳನ್ನು ಕಾರ್ಖಾನೆಯ ವ್ಯವಸ್ಥಾಪಕನೂ ವೈದ್ಯನೂ ತಿಳಿಸಬೇಕಿತ್ತು. ಆದರೆ ಅದು ಕಾರ್ಖಾನೆಯ ಗೋಡೆಯೊಳಗಿನ ಮಾತು. ಕಾಡು ಕಡಿಯುವವನಿಗೆ ಗೋಡೆ ಎಲ್ಲಿಯದು? ಬಂಟ್ವಾಳ, ಮೂಡುಬಿದಿರೆಯ ಕಡೆ ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವ ಹೆಂಗಸರಿಗೂ ಅಷ್ಟೇ. ತಂಬಾಕಿನ ದೂಳು ಉಸಿರಿಗೆ, ನಿಕೋಟಿನ್ ಚರ್ಮದ ಮೂಲಕ ರಕ್ತಕ್ಕೆ. ಬಗ್ಗಿ ಕುಳಿತು ಬೆನ್ನು, ಕುತ್ತಿಗೆ ನೋವು. ಬ್ರಾಂಚಿಗೆ ಒಯ್ಯುವ ಪುಸ್ತಕದಲ್ಲಿ ಎಲೆ ಎಷ್ಟು, ಹೊಗೆಸೊಪ್ಪು ಎಷ್ಟು, ಕಟ್ಟಿದ ಬೀಡಿ ಎಷ್ಟು ಸಾವಿರ ಎಂಬುದು ಚಾಚೂ ತಪ್ಪದೆ ದಾಖಲಾಗುತ್ತದೆ. ಅದೇ ಹೆಂಗಸು ಕೆಮ್ಮೆಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೆ ಹೊರರೋಗಿ ಚೀಟಿಯಲ್ಲಿ ಕಾಣುವುದು ಅವಳ ಹೆಸರು, ವಯಸ್ಸು, ಕೆಮ್ಮು. ಕಸುಬು ಕೇಳಿ ಬರೆದುಕೊಳ್ಳಲು ಅರ್ಧ ನಿಮಿಷ ಸಾಕು.